ಹೆಸರು ಕೇಳಿದರೆ ಹೆಜ್ಜೆ ಬರಬೇಕು

ಲಂಡನ್ ನಗರದ ನಡುವೆ ಹರಿಯುವ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ಬ್ಯಾಟರ್ಸಿ ಎಂಬ ಪ್ರದೇಶವಿದೆ. ಪ್ರವಾಸಿಗರಿಗೆ ಇದು ಗೊತ್ತಿರುವುದು ಹಳೆಯ ವಿದ್ಯುತ್ ಸ್ಥಾವರದ ನಾಲ್ಕು ಬಿಳಿ ಚಿಮಣಿಗಳಿಂದ. 1983ರಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿದ ಆ ಸ್ಥಾವರ 2022ರಲ್ಲಿ ಅಂಗಡಿಗಳ ಸಂಕೀರ್ಣವಾಗಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಯಾರ್ಕ್ ರಸ್ತೆ. ಪ್ರಪಂಚದ ಹತ್ತಾರು ದೇಶಗಳ ಮಕ್ಕಳು ಬರೆಯುವ, ಅಲ್ಲ, ಕುಣಿಯುವ ಪರೀಕ್ಷೆಯೊಂದರ ಕೇಂದ್ರ ಕಚೇರಿ ಈ ರಸ್ತೆಯಲ್ಲಿದೆ. ಅದೇ ರಾಯಲ್ ಅಕಾಡೆಮಿ ಆಫ್ ಡಾನ್ಸ್.

ನಮ್ಮಲ್ಲಿ ಭರತನಾಟ್ಯ ಕಲಿಯುವವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿರುವಂತೆ ಬ್ಯಾಲೆ ನೃತ್ಯಕ್ಕೂ ಮೆಟ್ಟಿಲುಗಳಿವೆ. ಚಿಕ್ಕ ಮಕ್ಕಳ ಗ್ರೇಡುಗಳನ್ನು ದಾಟಿದ ಮೇಲೆ ಇಂಟರ್‌ಮೀಡಿಯೆಟ್, ಅನಂತರ ಅಡ್ವಾನ್ಸ್‌ಡ್ ಹಂತಗಳು. ಅಡ್ವಾನ್ಸ್‌ಡ್ ಹಂತಕ್ಕೆ ಕಾಲಿಡುವ ಹೊತ್ತಿಗೆ ವಿದ್ಯಾರ್ಥಿಯ ಸ್ನಾಯುಗಳು ಹದಗೊಂಡಿರುತ್ತವೆ. ಆದರೂ ಅನೇಕರು ತಡವರಿಸುವುದು ಕಾಲಿನಿಂದಲ್ಲ, ಕಿವಿಯಿಂದ. ಹೆಜ್ಜೆಗಳ ಹೆಸರೆಲ್ಲ ಫ್ರೆಂಚ್ ಭಾಷೆಯವು. ಹೆಸರು ಕೇಳಿ ಅರ್ಥ ಹೊಳೆಯುವಷ್ಟರಲ್ಲಿ ಸಂಗೀತ ಎರಡು ಮಾತ್ರೆ ಮುಂದೆ ಹೋಗಿಬಿಟ್ಟಿರುತ್ತದೆ.

ಒಂದು ಹೆಜ್ಜೆ, ಮೂರು ಹೆಸರು

ಈ ಅಕಾಡೆಮಿ ಹುಟ್ಟಿದ್ದು 1920ರಲ್ಲಿ. ಸ್ಥಾಪಕರ ಪಟ್ಟಿ ನೋಡಿದರೆ ಅದೊಂದು ಪುಟ್ಟ ಯೂರೋಪು. ಡೆನ್ಮಾರ್ಕಿನ ಅಡೆಲಿನ್ ಜೆನೆ, ರಷ್ಯದ ತಮಾರಾ ಕಾರ್ಸಾವಿನಾ, ಇಂಗ್ಲೆಂಡಿನ ಫಿಲಿಸ್ ಬೆಡೆಲ್ಸ್, ಇಟಲಿಯ ಪದ್ಧತಿಯ ಲೂಸಿಯಾ ಕೋರ್ಮಾನಿ, ಫ್ರೆಂಚ್ ಪದ್ಧತಿಯ ಎಡ್ವರ್ಡ್ ಎಸ್ಪಿನೋಸಾ. ಆ ಕಾಲದ ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ನೃತ್ಯಶಾಲೆ ತೆರೆಯಬಹುದಾಗಿತ್ತು. ಅರೆಬರೆ ಕಲಿತವರ ಕೈಗೆ ಸಿಕ್ಕ ಮಕ್ಕಳ ಕಾಲು ಕೆಡುತ್ತಿತ್ತು. ಪಾಠಕ್ಕೊಂದು ಶಿಸ್ತು ಬರಲಿ, ಪರೀಕ್ಷೆ ಇರಲಿ ಎಂದು ಐವರೂ ಒಟ್ಟಿಗೆ ಕುಳಿತರು.

ಅದೇ ಲಂಡನ್ನಿನಲ್ಲಿ ಇಟಲಿಯ ಮಹಾಗುರು ಎನ್ರಿಕೊ ಚೆಕೆಟ್ಟಿ 1918ರಿಂದ ಪಾಠ ಹೇಳುತ್ತಿದ್ದರು. ಹಳೆ ಪುಸ್ತಕದಂಗಡಿಗಳಿಗೆ ಹೆಸರಾದ ಚೇರಿಂಗ್ ಕ್ರಾಸ್ ರಸ್ತೆಯಲ್ಲಿ ಅಂಗಡಿ ಇಟ್ಟಿದ್ದ ಸಿರಿಲ್ ಬೋಮಂಟ್ ಆ ಪಾಠಗಳನ್ನು ಕೂಡಿಸಿ, ನರ್ತಕ ಇಡ್ಜಿಕೋವ್‌ಸ್ಕಿಯವರ ಜೊತೆಗೂಡಿ 1922ರಲ್ಲಿ ಪುಸ್ತಕವಾಗಿ ಹೊರತಂದರು. ಅತ್ತ ರಷ್ಯದಲ್ಲಿ ಅಗ್ರಿಪ್ಪಿನಾ ವಾಗನೋವಾ ತಮ್ಮದೇ ಪದ್ಧತಿಯನ್ನು ರೂಪಿಸಿ 1934ರಲ್ಲಿ ಗ್ರಂಥ ಬರೆದರು. ಹೀಗೆ ಮೂರು ಮನೆತನಗಳಾದವು. ಕುಣಿತ ಬಹುಪಾಲು ಒಂದೇ, ಹೆಸರುಗಳು ಮಾತ್ರ ಅಲ್ಲಲ್ಲಿ ಬೇರೆ.

ಒಂದು ಉದಾಹರಣೆ ನೋಡಿ. ಪಾದವನ್ನು ನೆಲಕ್ಕೆ ಉಜ್ಜುತ್ತ ಹೊರಕ್ಕೆ ಚಾಚಿ, ಬೆರಳ ತುದಿಯನ್ನು ನೆಲದಿಂದ ತುಸುವೇ ಮೇಲಕ್ಕೆ ಚಿಮ್ಮಿಸುವ ಒಂದು ಅಭ್ಯಾಸವಿದೆ. ಬ್ಯಾಟರ್ಸಿಯ ಅಕಾಡೆಮಿ ಇದನ್ನು 'ಗ್ಲಿಸೆ' ಎನ್ನುತ್ತದೆ, ಎಂದರೆ ಜಾರಿಸಿದ್ದು. ಚೆಕೆಟ್ಟಿ ಶಿಷ್ಯರಿಗೆ ಇದು 'ಡೆಗಾಜೆ', ಬಿಡಿಸಿಕೊಂಡದ್ದು. ವಾಗನೋವಾ ಪದ್ಧತಿಯಲ್ಲಿ 'ಜೆತೆ', ಎಸೆದದ್ದು. ಇಷ್ಟಕ್ಕೇ ಮುಗಿಯಲಿಲ್ಲ. ಜೆತೆ ಎಂದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾರುವ ಜಿಗಿತವೂ ಹೌದು! ಒಂದು ಪದ್ಧತಿಯಲ್ಲಿ ಕಲಿತು, ಅಪ್ಪನ ವರ್ಗಾವಣೆಯಿಂದ ಊರು ಬದಲಾಗಿ, ಇನ್ನೊಂದು ಪದ್ಧತಿಯ ಪರೀಕ್ಷೆಗೆ ಕುಳಿತ ಹುಡುಗಿಯ ಪಾಡು ಏನಾಗಬೇಡ? ಅವಳಿಗೆ ಹೆಜ್ಜೆ ಗೊತ್ತು, ಹೆಸರು ಗೊತ್ತಿಲ್ಲ.

ಪ್ಯಾರಿಸ್ಸಿನಿಂದ ಬಂದ ಮಾತು

ಇಷ್ಟಕ್ಕೂ ಲಂಡನ್ನಿನಲ್ಲಿ ಫ್ರೆಂಚ್ ಏಕೆ? ಬ್ಯಾಲೆಯ ಬೀಜ ಮೊಳೆತದ್ದು ಇಟಲಿಯ ಅರಮನೆಗಳಲ್ಲಿ. ಮರವಾಗಿ ಬೆಳೆದದ್ದು ಫ್ರಾನ್ಸಿನಲ್ಲಿ. ಸ್ವತಃ ನರ್ತಕನಾಗಿದ್ದ ದೊರೆ ಹದಿನಾಲ್ಕನೆಯ ಲೂಯಿ 1661ರಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ. ಪಾದಗಳನ್ನು ಇಡುವ ಐದು ಮೂಲ ಸ್ಥಾನಗಳನ್ನು ಕ್ರಮಗೊಳಿಸಿದ ಕೀರ್ತಿ ಅವನ ನೃತ್ಯಗುರು ಪಿಯೆರ್ ಬೋಶಾಂಗೆ ಸಲ್ಲುತ್ತದೆ. ಗುರುಗಳು ದೇಶ ದೇಶಕ್ಕೆ ಹೋದರು, ಹೆಸರುಗಳೂ ಅವರ ಗಂಟಿನೊಡನೆ ಹೋದವು. ಸಸ್ಯಶಾಸ್ತ್ರಕ್ಕೆ ಲ್ಯಾಟಿನ್ ಹೇಗೋ ಬ್ಯಾಲೆಗೆ ಫ್ರೆಂಚ್ ಹಾಗೆ. ಲಂಡನ್ನಿನ ಹುಡುಗಿಗೂ ಬೆಂಗಳೂರಿನ ಹುಡುಗಿಗೂ ಅದು ಪರಭಾಷೆಯೇ.

ಆದರೆ ಹೆದರಬೇಕಾಗಿಲ್ಲ. ಇವು ಬಾಯಿ ತಿರುಗದ ಮಂತ್ರಗಳಲ್ಲ, ಬಹುಮಟ್ಟಿಗೆ ಮನೆಮಾತಿನ ಕ್ರಿಯಾಪದಗಳು. ನರ್ತಕ ಮಾಡುವುದೆಲ್ಲವೂ ಏಳು ಚಲನೆಗಳಲ್ಲಿ ಅಡಗಿದೆ ಎಂದು ಹಿಂದಿನ ಗುರುಗಳು ಪಟ್ಟಿ ಮಾಡಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಬಾಗು, ಚಾಚು, ಏರು, ಜಾರು, ಹಾರು, ಚಿಮ್ಮು, ತಿರುಗು. 'ಪ್ಲಿಯೆ' ಎಂದರೆ ಬಾಗಿದ್ದು, ಅದರಲ್ಲಿ ಮಂಡಿ ಬಾಗುತ್ತದೆ. 'ಫ್ರಾಪೆ' ಎಂದರೆ ಬಡಿದದ್ದು, ಅದರಲ್ಲಿ ಪಾದ ನೆಲಕ್ಕೆ ಬಡಿಯುತ್ತದೆ. 'ಫೋಂದ್ಯು' ಎಂದರೆ ಕರಗಿದ್ದು, ನಿಂತ ಕಾಲು ಬೆಣ್ಣೆ ಕರಗಿದಂತೆ ಮೆಲ್ಲಗೆ ತಗ್ಗಬೇಕು. 'ಅಸಾಂಬ್ಲೆ' ಎಂದರೆ ಕೂಡಿಸಿದ್ದು, ಗಾಳಿಯಲ್ಲೇ ಎರಡೂ ಕಾಲು ಕೂಡಬೇಕು. 'ಪಾ ದ ಶಾ' ಎಂದರೆ ಬೆಕ್ಕಿನ ಹೆಜ್ಜೆ. ಅಡುಗೆಮನೆಯ ಕಟ್ಟೆಗೆ ನೆಗೆಯುವ ಬೆಕ್ಕನ್ನು ನೋಡಿದ ಮಗುವಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಒಂದು ಸ್ವರದ ಅಂತರ

ಪರೀಕ್ಷಾ ಕೊಠಡಿಯ ವಾತಾವರಣವೇ ಬೇರೆ. ಮರದ ನೆಲ, ಗೋಡೆಯುದ್ದಕ್ಕೂ ಹಿಡಿಕೆಯ ದಂಡ, ಒಂದು ಮೇಜು, ಅದರ ಹಿಂದೆ ಪರೀಕ್ಷಕರು. ವಿದ್ಯಾರ್ಥಿಯ ಎದೆಯ ಮೇಲೆ ಒಂದು ಸಂಖ್ಯೆ. ಕಲಿತದ್ದನ್ನು ಒಪ್ಪಿಸುವುದು ಒಂದು ಭಾಗ. ಹೊಸದೊಂದು ಹೆಜ್ಜೆಗಳ ಸರಣಿಯನ್ನು ಬಾಯಲ್ಲಿ ಹೇಳಿ, ಕೂಡಲೇ ಮಾಡಿಸುವುದು ಮೇಲ್ಮಟ್ಟದ ಬ್ಯಾಲೆ ಕಲಿಕೆಯ ಹಳೆಯ ರೂಢಿ. ಆಗ ಹೆಸರೇ ಆಜ್ಞೆ.

ಆ ಆಜ್ಞೆಗಳು ಎಷ್ಟು ಸೂಕ್ಷ್ಮವೆಂದರೆ, 'ದೆಸ್ಯೂ' ಎಂದರೆ ಮೇಲೆ, 'ದೆಸೂ' ಎಂದರೆ ಕೆಳಗೆ. ಅಸಾಂಬ್ಲೆ ದೆಸ್ಯೂ ಎಂದಾಗ ಹಿಂದಿದ್ದ ಪಾದ ಮುಂದೆ ಬಂದು ಸೇರಬೇಕು. ಅಸಾಂಬ್ಲೆ ದೆಸೂ ಎಂದಾಗ ಮುಂದಿದ್ದ ಪಾದ ಹಿಂದಕ್ಕೆ ಹೋಗಬೇಕು. ಒಂದೇ ಒಂದು ಸ್ವರದ ಅಂತರ! ಅದನ್ನು ತಪ್ಪಾಗಿ ಕೇಳಿಸಿಕೊಂಡರೆ ಮುಂದಿನ ಹೆಜ್ಜೆಗೆ ಬೇಕಾದ ಕಾಲು ಹಿಂದೆ ಉಳಿಯುತ್ತದೆ, ಸರಣಿಯೇ ಕೆಡುತ್ತದೆ.

'ಆಂತ್ರಶಾ' ಎಂಬ ಜಿಗಿತದಲ್ಲಿ ಇನ್ನೂ ಸೊಗಸಾದ ಲೆಕ್ಕವಿದೆ. ಗಾಳಿಯಲ್ಲಿ ಕಾಲುಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಪ್ರತಿ ದಾಟನ್ನೂ ಕಾಲಿಗೆ ಒಂದರಂತೆ ಎರಡೆಂದು ಎಣಿಸುತ್ತಾರೆ. ಆದ್ದರಿಂದ 'ಕಾತ್ರ್', ಅಂದರೆ ನಾಲ್ಕು ಎಂದರೆ ಎರಡು ದಾಟು, ಹೊರಟ ಸ್ಥಿತಿಯಲ್ಲೇ ಇಳಿಯಬೇಕು. 'ಸೀಸ್', ಅಂದರೆ ಆರು ಎಂದರೆ ಮೂರು ದಾಟು, ಪಾದಗಳು ಅದಲುಬದಲಾಗಿರುತ್ತವೆ. ಮೂರು, ಐದು ಎಂಬ ಬೆಸ ಸಂಖ್ಯೆ ಬಂದರೆ ಒಂಟಿ ಕಾಲಿನ ಮೇಲೆ ಇಳಿಯಬೇಕೆಂದು ಅರ್ಥ. ನೆಲದಿಂದ 20 ಸೆಂಟಿಮೀಟರ್ ಜಿಗಿದವರು ಗಾಳಿಯಲ್ಲಿ ಇರುವುದು ಸುಮಾರು 0.4 ಸೆಕೆಂಡು ಮಾತ್ರ. ಗುರುತ್ವಾಕರ್ಷಣೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಅಷ್ಟರೊಳಗೆ ಹೆಸರಿನ ಅರ್ಥ ಹುಡುಕುತ್ತ ಕೂರಲಾಗದು.

ಕಂಠಪಾಠವೋ, ತಿಳಿವಳಿಕೆಯೋ

ಹಾಗಾದರೆ ಕಲಿಯುವುದು ಹೇಗೆ? ನೂರು ಹೆಸರನ್ನು ಅಕಾರಾದಿಯಾಗಿ ಉರು ಹೊಡೆಯುವವರಿದ್ದಾರೆ. ಅದು ಪರೀಕ್ಷೆಯ ಹಿಂದಿನ ರಾತ್ರಿ ಸೂತ್ರಗಳನ್ನು ಬಾಯಿಪಾಠ ಮಾಡಿದಂತೆ, ಗಾಬರಿಯಾದೊಡನೆ ಹಾರಿಹೋಗುತ್ತದೆ. ಹೆಸರನ್ನು ಬಿಡಿಸಿ ನೋಡುವ ಕ್ರಮ ಮೇಲು. ಮೊದಲು ಕ್ರಿಯೆ ಯಾವುದು, ಆಮೇಲೆ ದಿಕ್ಕು ಯಾವುದು, ಕೊನೆಗೆ ಯಾವ ಕಾಲು ಎಂದು ಪಟ್ಟಿಯನ್ನು ಮೂರು ಕಾಲಮ್ಮುಗಳಲ್ಲಿ ಬರೆದುಕೊಳ್ಳಬಹುದು. 'ಆಂ ದಿಯೋರ್' ಎಂದರೆ ಹೊರಮುಖ, 'ಆಂ ದದಾಂ' ಎಂದರೆ ಒಳಮುಖ ಎಂಬ ಜೋಡಿಯನ್ನು ಒಮ್ಮೆ ಅರಿತರೆ ಹತ್ತಾರು ತಿರುವುಗಳಿಗೆ ಅದೇ ಕೀಲಿಕೈ. ಹೆಸರನ್ನು ಬಾಯಲ್ಲಿ ಹೇಳುತ್ತಲೇ ಕಾಲಿನಿಂದ ಗುರುತು ಹಾಕಬೇಕು. ತಂದೆತಾಯಿಯರು ಫ್ರೆಂಚ್ ಬಾರದೆಂದು ಹಿಂಜರಿಯಬೇಕಾಗಿಲ್ಲ. ಪಟ್ಟಿ ಹಿಡಿದು ಹೆಸರು ಓದಿದರೆ ಸಾಕು, ಉತ್ತರವನ್ನು ಮಗುವಿನ ಕಾಲು ಹೇಳುತ್ತದೆ.

ಅಡವುಗಳನ್ನು ಸೊಲ್ಲುಕಟ್ಟು ಹೇಳಿಕೊಂಡೇ ಕಲಿಯುವ ನಮ್ಮ ಮಕ್ಕಳಿಗೆ ಇದು ಹೊಸತಲ್ಲ. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ರಂಗವೇರಿ ಹೆಸರು ಮಾಡಿದರು. 1960ರಲ್ಲಿ ಅಲ್ಲಿನ ಹೆಸರಾಂತ ಬ್ಯಾಲೆ ನರ್ತಕಿ, ಚೆಕೆಟ್ಟಿಯವರ ಶಿಷ್ಯೆ ಅಲಿಸಿಯಾ ಮಾರ್ಕೋವಾ ಅವರೊಡನೆ 'ರಾಧಾ ಕೃಷ್ಣ' ನೃತ್ಯ ಮಾಡಿದರು. ಹೆಜ್ಜೆಯ ಎರಡು ಭಾಷೆಗಳು ಅಂದು ಒಂದೇ ರಂಗದಲ್ಲಿ ಮಾತಾಡಿದವು.

ಲಂಡನ್ನಿಗೆ ಹೋದವರು ಬ್ಯಾಟರ್ಸಿಯಿಂದ ನದಿ ದಾಟಿ ಕೋವೆಂಟ್ ಗಾರ್ಡನ್ನಿನ ಫ್ಲೋರಲ್ ಬೀದಿಗೂ ಹೋಗಿ ಬರಬೇಕು. ತಲೆಯೆತ್ತಿದರೆ ರಾಯಲ್ ಬ್ಯಾಲೆ ಶಾಲೆಯಿಂದ ರಾಯಲ್ ಆಪೆರಾ ಹೌಸಿಗೆ 2003ರಲ್ಲಿ ಕಟ್ಟಿದ ಕಿರುಸೇತುವೆ ಕಾಣುತ್ತದೆ. 23 ಚೌಕಗಳು ಒಂದಕ್ಕಿಂತ ಒಂದು ತುಸು ಹೊರಳಿ, ಇಡೀ ಸೇತುವೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದೆ. ಅದರ ಒಂದು ತುದಿಯಲ್ಲಿ ಪಾಠ, ಇನ್ನೊಂದು ತುದಿಯಲ್ಲಿ ರಂಗ.

ಬ್ಯಾಲೆ ತರಗತಿಯ ಕೊನೆಗೆ ಬರುವ ಹೆಸರು 'ರೆವೆರಾನ್ಸ್'. ಗುರುವಿಗೂ ಪಿಯಾನೊ ನುಡಿಸಿದವರಿಗೂ ಬಾಗಿ ವಂದಿಸುವುದು ಎಂದರ್ಥ. ಈ ಒಂದು ಹೆಸರನ್ನು ಮಾತ್ರ ನಮ್ಮ ಮಕ್ಕಳಿಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ.