ಸ್ಕ್ಯಾನ್‌ನಲ್ಲಿ ಬೇಜಾರು ಕಾಣುತ್ತಾ?

1983ರಲ್ಲಿ ನಾನು ವಿಜಯನಗರದಿಂದ ಸೈಕಲ್ ತುಳಿದುಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ವಿಭಾಗವೆಂದರೆ ಎರಡು ಕೋಣೆ. ಟ್ರಾಂಬೆಯಿಂದ ಸೀಸದ ಡಬ್ಬಿಯಲ್ಲಿ ಮಾಲಿಬ್ಡಿನಂ-99 ಬರುತ್ತಿತ್ತು. ಅದರಿಂದ ಸ್ಕ್ಯಾನಿಗೆ ಬೇಕಾದ ವಿಕಿರಣಶೀಲ ಟೆಕ್ನೀಷಿಯಂ ತೆಗೆಯುವುದಕ್ಕೆ ನಾವೆಲ್ಲ ‘ಮಿಲ್ಕಿಂಗ್’ ಅನ್ನುತ್ತಿದ್ದೆವು. ಸೀಸದ ಇಟ್ಟಿಗೆಗಳ ಹಿಂದೆ ಗಾಜಿನ ಪಾತ್ರೆ. ದ್ರಾವಣಕ್ಕೆ ಮೀಥೈಲ್ ಈಥೈಲ್ ಕೀಟೋನ್, ನಮ್ಮ ಬಾಯಲ್ಲಿ ಎಂಇಕೆ, ಸುರಿದು ಚೆನ್ನಾಗಿ ಬೆರೆಸಿ ಬಿಟ್ಟರೆ ಟೆಕ್ನೀಷಿಯಂ ಎಂಇಕೆ ಜೊತೆ ಮೇಲಿನ ಪದರಕ್ಕೆ ಬರುತ್ತಿತ್ತು. ಆ ಪದರವನ್ನಷ್ಟೇ ಎಳೆದುಕೊಂಡು, ಕಾಯಿಸಿ ಎಂಇಕೆ ಆರಿಸಿ, ಉಳಿದದ್ದಕ್ಕೆ ಸಲೈನ್ ಹಾಕಿದರೆ ಅವತ್ತಿನ ಇಂಜೆಕ್ಷನ್ ತಯಾರು. ಪೇಂಟ್ ತಿನ್ನರಿನಂಥ ವಾಸನೆ ಅಂಗಿಗೆ ಹತ್ತಿ ಮನೆವರೆಗೂ ಬರುತ್ತಿತ್ತು. ಮಾಲಿಬ್ಡಿನಂ 66 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ವಾರದ ಮೊದಲಿಗೆ ಧಾರಾಳ, ಶುಕ್ರವಾರ ಬರಗಾಲ.

ಆಗಿನ ಬ್ರೈನ್ ಸ್ಕ್ಯಾನ್‌ನಲ್ಲಿ ಆರೋಗ್ಯವಂತ ಮಿದುಳು ಕಾಣುತ್ತಲೇ ಇರಲಿಲ್ಲ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಟೆಕ್ನೀಷಿಯಂ ಅನ್ನು ಒಳಗೆ ಬಿಡದು. ಗಡ್ಡೆಯೋ ಪಾರ್ಶ್ವವಾಯುವೋ ಆ ತಡೆಯನ್ನು ಕೆಡಿಸಿದ್ದರೆ ಅಲ್ಲೊಂದು ಮಚ್ಚೆ. ಇಲ್ಲವಾದರೆ ಬುರುಡೆಯ ಅಂಚು, ನಡುವೆ ಖಾಲಿ. ಮಂಕು ಹಿಡಿದು ಊಟ-ಮಾತು ಬಿಟ್ಟವರನ್ನೂ, ಗಡ್ಡೆಗಿಡ್ಡೆ ಇದೆಯೋ ನೋಡಿ ಎಂದು ಕಳಿಸುತ್ತಿದ್ದರು. ‘ನಾರ್ಮಲ್’ ಎಂದರೆ ಮನೆಯವರ ಮುಖ ಇಳಿದುಹೋಗುತ್ತಿತ್ತು. “ಏನೂ ಇಲ್ವಾ ಸಾರ್? ಮತ್ತೆ ಯಾಕೆ ಹಿಂಗೆ?” ಏನಾದರೂ ಸಿಕ್ಕಿದ್ದರೇ ಅವರಿಗೆ ಸಮಾಧಾನವಾಗುತ್ತಿತ್ತೇನೋ.

ಅದೇ ವರ್ಷದ ಮೇ 25ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಜಾನ್ಸ್ ಹಾಪ್ಕಿನ್ಸ್‌ನ ಹೆನ್ರಿ ವ್ಯಾಗ್ನರ್ ತಮ್ಮ ಮೇಲೇ ಪ್ರಯೋಗ ಮಾಡಿಸಿಕೊಂಡರು. ಆಗ ಅವರಿಗೆ 56 ವರ್ಷ. ಚುಚ್ಚಿಸಿಕೊಂಡ ಟ್ರೇಸರ್, ಅಂದರೆ ಜಾಡು ತೋರಿಸುವ ವಸ್ತು, ಕಾರ್ಬನ್-11 ಅಂಟಿಸಿದ ಮೀಥೈಲ್‌ಸ್ಪಿಪೆರೋನ್. ನಮ್ಮ ಟೆಕ್ನೀಷಿಯಂ ದಾಟದ ತಡೆಯನ್ನು ಇದು ದಾಟುತ್ತದೆ. ದಾಟಿ, ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ಸಂದೇಶವಾಹಕವನ್ನು ಹಿಡಿಯುವ ರಿಸೆಪ್ಟರುಗಳ ಮೇಲೂ ಹೊರಪದರದಲ್ಲಿ ಸೆರೋಟೋನಿನ್ ರಿಸೆಪ್ಟರುಗಳ ಮೇಲೂ ಕೂರುತ್ತದೆ. ಕಾರ್ಬನ್ ಬಿಡುವ ಪಾಸಿಟ್ರಾನ್ ಪಕ್ಕದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತಲಿನ ಉಂಗುರದ ಕ್ಯಾಮೆರಾ ಎರಡನ್ನೂ ಒಟ್ಟಿಗೆ ಹಿಡಿದು ಜಾಗ ಗುರುತಿಸುತ್ತದೆ. ನಮ್ಮಲ್ಲಿ ಖಾಲಿ ಬರುತ್ತಿದ್ದ ಜಾಗದಲ್ಲೇ ಅವರಿಗೆ ಚಿತ್ರ ಸಿಕ್ಕಿತ್ತು. ಈ ಬಗೆಯ ಸ್ಕ್ಯಾನಿಗೆ ಪೆಟ್ ಎಂದು ಹೆಸರು. ಭಾರತಕ್ಕೆ ಮೊದಲ ಪೆಟ್ ಯಂತ್ರ ಬಂದದ್ದು 2002ರಲ್ಲಿ, ಅದೂ ಮುಂಬಯಿಗೆ.

ಈಗ ವಿಜಯನಗರದಲ್ಲಿ ತಲೆಮೇಲೆ ಮೆಟ್ರೊ ಓಡುತ್ತದೆ, ಪೆಟ್-ಸಿಟಿ ಮನೆಮಾತಾಗಿದೆ. ಆದರೆ ಹೆಚ್ಚಿನಂಶ ಕ್ಯಾನ್ಸರಿಗೆ. ಅದಕ್ಕೆ ಬೇಕಾದ ಫ್ಲೋರಿನ್-18 ಅರ್ಧವಾಗಲು 110 ನಿಮಿಷ ತೆಗೆದುಕೊಳ್ಳುವುದರಿಂದ ಒಂದೆಡೆ ತಯಾರಿಸಿ ವ್ಯಾನಿನಲ್ಲಿ ಆಸ್ಪತ್ರೆಗಳಿಗೆ ಕಳಿಸಬಹುದು. ಕಾರ್ಬನ್-11ಕ್ಕೆ ಇರುವುದು 20 ನಿಮಿಷ. ಸಂಜೆ ಕೆಂಗೇರಿಯಲ್ಲಿ ಹತ್ತಿಸಿದ್ದು ನಾಯಂಡಹಳ್ಳಿ ಸಿಗ್ನಲ್ ದಾಟುವಷ್ಟರಲ್ಲಿ ಅರ್ಧ ಹೋಗಿರುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರದ ಪಕ್ಕದಲ್ಲೇ ರೋಗಿ ಮಲಗಿರಬೇಕು. ಸೆರೋಟೋನಿನ್ ಚಿತ್ರ ಸಂಶೋಧನಾಲಯ ಬಿಟ್ಟು ಬಾರದಿರುವುದಕ್ಕೆ ಇದೂ ಒಂದು ಕಾರಣ. ಕೋಪನ್‌ಹೇಗನ್ ತಂಡ 2017ರಲ್ಲಿ 210 ಆರೋಗ್ಯವಂತರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನಾಲ್ಕು ಬಗೆಯ ಸೆರೋಟೋನಿನ್ ರಿಸೆಪ್ಟರುಗಳ ನಕ್ಷೆ ಕೊಟ್ಟಿತು. ಸೊಗಸಾದ ಕೆಲಸ. ಆದರೆ ಅದು ಗುಂಪಿನ ಸರಾಸರಿ. ಯಾರೊಬ್ಬರ ಜಾತಕವೂ ಅಲ್ಲ.

ಇದನ್ನೇ ಬಸವೇಶ್ವರನಗರದ ನಮ್ಮ ಪರಿಚಯದ ಹುಡುಗನಿಗೆ ಹೇಳಬೇಕಾಯಿತು. ಸಾಫ್ಟ್‌ವೇರ್ ಕೆಲಸ, ಆರು ತಿಂಗಳಿಂದ ಖಿನ್ನತೆ. “ಅಂಕಲ್, ನಂಗೆ ಸೆರೋಟೋನಿನ್ ಕಮ್ಮಿಯಂತೆ. ಸ್ಕ್ಯಾನ್ ಮಾಡಿಸಿದ್ರೆ ಎಷ್ಟು ಕಮ್ಮಿ ಅಂತ ಕಾಣುತ್ತಾ?”

“ಇಲ್ಲಪ್ಪ. ರಿಸೆಪ್ಟರ್ ಎಲ್ಲೆಲ್ಲಿ ಎಷ್ಟಿದೆ ಅಂತ ಕಾಣಬಹುದು. ಬೇಜಾರು ಕಾಣಲ್ಲ.”

ಆ ‘ಕಮ್ಮಿ’ ಎಂಬ ಲೆಕ್ಕವೇ ಈಗ ಗಟ್ಟಿಯಾಗಿ ಉಳಿದಿಲ್ಲ ಎಂದೂ ಹೇಳಿದೆ. ಮಾತ್ರೆ ದಂಡವೇ ಹಾಗಾದರೆ ಎಂದ. ಅದಲ್ಲ. ಸೆರೋಟೋನಿನ್ ಅನ್ನು ವಾಪಸು ಎಳೆದುಕೊಳ್ಳುವ ಟ್ರಾನ್ಸ್‌ಪೋರ್ಟರುಗಳನ್ನು ಟೊರಾಂಟೊದಲ್ಲಿ ಪೆಟ್‌ನಿಂದ ಅಳೆದಾಗ, ಅವನ ಮಾತ್ರೆಯ ಬಗೆಯ ಐದು ಔಷಧಗಳು ಸಾಮಾನ್ಯ ಡೋಸಿನಲ್ಲೇ ಅವುಗಳಲ್ಲಿ ಶೇ. 80ರಷ್ಟನ್ನು ಹಿಡಿದಿಟ್ಟಿದ್ದವು. ಮಾತ್ರೆ ಮಿದುಳಿಗೆ ತಲುಪುತ್ತದೆ, ಅನುಮಾನವಿಲ್ಲ. ತಲುಪುವುದು ಬೇಗ, ಗುಣ ಕಾಣುವುದು ವಾರಗಳ ಮೇಲೆ. ಆ ನಡುವೆ ಏನಾಗುತ್ತದೆ ಎಂಬುದನ್ನು ಪೂರ್ತಿ ತೋರಿಸುವ ಟ್ರೇಸರ್ ಇನ್ನೂ ಯಾರ ಕೈಲೂ ಇಲ್ಲ. ಅವನ ಮಾತ್ರೆ ಶುರುವಾಗಿ ಒಂಬತ್ತು ದಿನವಾಗಿತ್ತು. ನಿಲ್ಲಿಸಬೇಡ, ಡಾಕ್ಟರು ಹೇಳಿದ ದಿನಕ್ಕೆ ಹೋಗಿ ತೋರಿಸು ಅಂದೆ.