ಹನ್ನೆರಡರ ಮನೆಗೆ ಇಪ್ಪತ್ತರ ಕೋವಿ ಬೇಕೇ?

ಜಿಲ್ಲಾ ಸ್ಟ್ರಿಂಗರ್ ಎಂದರೆ ಸುದ್ದಿ ಕಳಿಸುವವ ಮಾತ್ರ ಅಲ್ಲ. ಆರ್‌ಟಿಸಿಯಲ್ಲಿ ಹೆಸರು ತಪ್ಪಿದರೆ, ಪಡಿತರ ಚೀಟಿ ರದ್ದಾದರೆ, ಕೋವಿಯ ಲೈಸೆನ್ಸ್ ನವೀಕರಣಕ್ಕೆ ಬಂದರೆ ಮೊದಲ ಫೋನು ನಮಗೆ. "ನೀವು ಪೇಪರಿನವರಲ್ವಾ, ನಿಮಗೆ ಗೊತ್ತುಂಟು" ಎಂಬ ಮಾತಿಗೆ ನಮ್ಮಲ್ಲಿ ಇನ್ನೂ ಉತ್ತರವಿಲ್ಲ. ನಮ್ಮ ವಾಸ ಅಂಬಲಪಾಡಿಯಲ್ಲಿ. ಜಿಲ್ಲಾಧಿಕಾರಿ ಕಚೇರಿ ಇರುವ ಮಣಿಪಾಲದ ರಜತಾದ್ರಿ ದೂರವೇನಲ್ಲ. ಹಾಗಾಗಿ ಕೋವಿಯ ಕಾಗದಪತ್ರದ ಪ್ರಶ್ನೆಗಳು ನಮ್ಮಲ್ಲಿಗೆ ತುಸು ಹೆಚ್ಚೇ ಬರುತ್ತವೆ.

ಈ ಸಲ ಬಂದದ್ದು ಕಾಗದದ ಪ್ರಶ್ನೆ ಅಲ್ಲ, ಕೋವಿಯದ್ದೇ. ಕಾರ್ಕಳದಾಚೆ ಮಾಳದ ಕಡೆ ಅಡಿಕೆ ತೋಟ ಇರುವ ನಮ್ಮ ಸೋದರಮಾವ ಕೇಳಿದರು: "ಮಾರಾಯ, ಇಪ್ಪತ್ತು ಬೋರಿನ ಜೋಡುನಳಿಗೆ ಒಂದು ಮಾರಾಟಕ್ಕೆ ಉಂಟಂತೆ. ಭಾರೀ ಹಗುರ ಉಂಟಂತೆ. ಮೊಲಕ್ಕೆ, ಕಾಡುಕೋಳಿಗೆ ಅದೇ ಒಳ್ಳೆಯದಂತೆ. ತೆಗೆದುಕೊಳ್ಳಲಾ?"

ಮಾವನ ಮಾತಿನಲ್ಲಿ ಮೂರು 'ಅಂತೆ' ಇದ್ದವು, ಒಂದು ಅಪರಾಧವೂ ಇತ್ತು. ಒಂದೊಂದಾಗಿ ಬಿಡಿಸಿ ಹೇಳಬೇಕಾಯಿತು. ಕೋವಿ ಇರುವ ಮನೆಯವರು ನಮ್ಮ ಓದುಗರಲ್ಲಿಯೂ ಇದ್ದೀರಿ, ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಅಪರಾಧದ ವಿಷಯ. ಮಾವನ ತಲೆಮಾರಿನವರು ಬೇಟೆಯನ್ನು ಕಂಡೇ ಬೆಳೆದವರು. ಕೆಡ್ಡಸದ ದಿನ ಊರಿನ ಗಂಡಸರು ಗುಂಪು ಕಟ್ಟಿ ಬೇಟೆಗೆ ಹೋಗುವ ಸಂಪ್ರದಾಯ ತುಳುನಾಡಿನಲ್ಲಿತ್ತು. ಕಾನೂನಿನಲ್ಲಿಯೂ ಒಂದು ಕಾಲಕ್ಕೆ ಅದಕ್ಕೆ ಜಾಗವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅದರಲ್ಲಿ 'ಸಣ್ಣ ಬೇಟೆ'ಗೆ ಪ್ರತ್ಯೇಕ ಪರವಾನಗಿಯೇ ಇತ್ತು, ಯಾವ ಪ್ರಾಣಿ ಸಣ್ಣ ಬೇಟೆ ಎನ್ನುವುದಕ್ಕೆ ಪಟ್ಟಿಯೂ ಇತ್ತು. 1991ರ ತಿದ್ದುಪಡಿ ಆ ಪರವಾನಗಿಗಳನ್ನೆಲ್ಲ ತೆಗೆದುಹಾಕಿತು. ಅಂದರೆ 'ಸಣ್ಣ ಬೇಟೆಯ ಕೋವಿ' ಎಂಬ ಮಾತು ನಮ್ಮ ದೇಶದಲ್ಲಿ ಮೂವತ್ತು ವರ್ಷಕ್ಕೂ ಹಿಂದೆಯೇ ಅರ್ಥ ಕಳೆದುಕೊಂಡಿದೆ. ಮೊಲ, ಕಾಡುಕೋಳಿ, ಕಾಡುಹಂದಿ ಮೂರಕ್ಕೂ ಕಾಯ್ದೆಯ ರಕ್ಷಣೆ ಇದೆ. ಅಂಬಲಪಾಡಿಯ ಗದ್ದೆಗೂ ಇಳಿದು ಭತ್ತ ಹೆಕ್ಕುವ ನವಿಲಂತೂ ಮೊದಲ ಪರಿಚ್ಛೇದದ ಹಕ್ಕಿ. ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು.

"ಹಾಗಾದರೆ ಹಂದಿ ಬಂದು ಬಾಳೆ ಬುಡ ಅಗೆದರೆ ಕೈಕಟ್ಟಿ ಕೂತುಕೊಳ್ಳುವುದಾ?" ಎಂದರು ಮಾವ. ಅವರ ಸಿಟ್ಟು ಸುಳ್ಳಲ್ಲ. ಒಂದು ರಾತ್ರಿ ಹಂದಿ ಹಿಂಡು ನುಗ್ಗಿದರೆ ಆರು ತಿಂಗಳ ದುಡಿಮೆ ಬೆಳಗಾಗುವಾಗ ಕೆಸರು. ಅರಣ್ಯ ಇಲಾಖೆಯ ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಬಹುದು, ಆದರೆ ಪರಿಹಾರದ ಹಣ ಬಾಳೆಗೊನೆಯ ಲೆಕ್ಕಕ್ಕೆ ಸಮನಾಗುವುದಿಲ್ಲ ಎಂದು ಬೆಳೆದವರಿಗೆಲ್ಲ ಗೊತ್ತು. ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ. ಎರಡನೇ ಪರಿಚ್ಛೇದದ ಪ್ರಾಣಿ ಜೀವಕ್ಕೋ ಬೆಳೆಗೋ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಅನುಮತಿ ಕೊಡಬಹುದು. ಕಾಡುಹಂದಿ ಈಗ ಆ ಪರಿಚ್ಛೇದದಲ್ಲಿದೆ. ಆ ಕಾಗದ ಕೈಯಲ್ಲಿ ಇಲ್ಲದಿದ್ದರೆ ಕೋವಿಯಿಂದ ಮಾಡಬಹುದಾದದ್ದು ಸದ್ದು ಮಾತ್ರ. ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆ' ಎಂದಿದ್ದರೆ ಅದು ಕೋವಿ ಇಟ್ಟುಕೊಳ್ಳಲು ಒಪ್ಪಿಗೆ, ಕೊಲ್ಲಲು ಒಪ್ಪಿಗೆ ಅಲ್ಲ. ಇವೆರಡನ್ನು ಒಂದೇ ಎಂದು ತಿಳಿದುಕೊಂಡವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ. ಮಾಳದಂಥ ಊರಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ಬೇಲಿಯಾಚೆ ಇದ್ದ ಹಾಗೆ. ಅದರೊಳಗೆ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಟ್ಟರೆ ಅದೇ ಒಂದು ಕೇಸು.

ಇನ್ನು 'ಅಂತೆ'ಗಳಿಗೆ ಬರೋಣ. ಬೋರ್ ಎಂದರೆ ಏನು ಎನ್ನುವುದೇ ಹಲವರಿಗೆ ಗೊಂದಲ. ಅಂಕೆ ದೊಡ್ಡದಾದಷ್ಟು ನಳಿಗೆ ಸಣ್ಣದಾಗುತ್ತದೆ. ಒಂದು ಪೌಂಡ್ ಸೀಸವನ್ನು ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡು ಎಷ್ಟು ಅಗಲವೋ ಅಷ್ಟಗಲದ ನಳಿಗೆ 12 ಬೋರ್, ಸುಮಾರು 18.5 ಮಿ.ಮೀ. ಇಪ್ಪತ್ತು ಗುಂಡು ಮಾಡಿದರೆ 20 ಬೋರ್, ಸುಮಾರು 15.6 ಮಿ.ಮೀ. 410 ಎನ್ನುವುದು ಈ ಲೆಕ್ಕಕ್ಕೆ ಸೇರದ್ದು, ಅದು ನೇರವಾಗಿ ಇಂಚಿನ ಅಳತೆ: 0.410 ಇಂಚು, ಅಂದರೆ 10.4 ಮಿ.ಮೀ. ನಮ್ಮ ಹಳೆಯ ಮನೆಗಳಲ್ಲಿ ಇರುವ ಜೋಡುನಳಿಗೆಗಳು ಹೆಚ್ಚಾಗಿ ಹನ್ನೆರಡರವು.

ಹಗುರ ಎನ್ನುವುದು ನಿಜ. ಹನ್ನೆರಡರ ಜೋಡುನಳಿಗೆ ಮೂರು ಕೆಜಿಗಿಂತ ಮೇಲೆ ತೂಗಿದರೆ ಇಪ್ಪತ್ತರದ್ದು ಎರಡೂಮುಕ್ಕಾಲು ಕೆಜಿ ಆಸುಪಾಸು. ಮಾವನಿಗೆ ಅರವತ್ತೆಂಟು ವರ್ಷ, ಬಲಭುಜ ನೋವು. ಹಗುರದ ಕೋವಿ ಎಂದ ಕೂಡಲೇ ಆಸೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೊತ್ತುಕೊಂಡು ಹೋಗಲು ಹಗುರವಾದದ್ದು ಈಡು ಬಿಡುವಾಗ ಮೆತ್ತಗಿರುತ್ತದೆ ಎಂದೇನಿಲ್ಲ. ಒದೆತ ಎರಡು ಸಂಗತಿಗಳ ಮೇಲೆ ನಿಂತಿದೆ: ತೋಟೆಯೊಳಗಿನ ಚರೆ, ಮದ್ದು ಎಷ್ಟು, ಕೋವಿಯ ತೂಕ ಎಷ್ಟು. 28 ಗ್ರಾಂ ಚರೆಯ ತೋಟೆಯನ್ನು ಹಗುರದ ಇಪ್ಪತ್ತರಿಂದ ಹಾರಿಸಿದರೆ ಆಗುವ ಒದೆತಕ್ಕಿಂತ, ಅದೇ 28 ಗ್ರಾಂ ಅದೇ ವೇಗದಲ್ಲಿ ಭಾರದ ಹನ್ನೆರಡರಿಂದ ಹೊರಟರೆ ಒದೆತ ಕಡಿಮೆ. ಕೋವಿಯ ತೂಕವೇ ಒದೆತವನ್ನು ನುಂಗುತ್ತದೆ. ಹಾಗಾಗಿ ಭುಜನೋವಿಗೆ ಮದ್ದು ಹೊಸ ಕೋವಿ ಅಲ್ಲ. ಕಡಿಮೆ ಚರೆಯ ತೋಟೆ, ಹಿಡಿಯ ಬುಡಕ್ಕೆ ಒಂದು ರಬ್ಬರ್ ಪ್ಯಾಡ್, ಕೈಯಳತೆಗೆ ಸರಿಯಾದ ಹಿಡಿ, ಇಷ್ಟು ಸಾಕು.

ಸಣ್ಣ ಪ್ರಾಣಿಗೆ ಸಣ್ಣ ಬೋರ್ ಎಂಬ ನಂಬಿಕೆ ಇನ್ನೊಂದು. ಇದು ಬೇಟೆಗೆ ಕಾನೂನು ಇರುವ ದೇಶಗಳಿಂದ ಬಂದ ಮಾತು. ಅಲ್ಲಿಯೂ ಪಳಗಿದವರು ಇದನ್ನು ಎಚ್ಚರದಿಂದಲೇ ಹೇಳುತ್ತಾರೆ. ಎರಡೂವರೆ ಇಂಚಿನ 410 ತೋಟೆಯಲ್ಲಿ ಚರೆ ಸುಮಾರು 14 ಗ್ರಾಂ ಮಾತ್ರ, ಹನ್ನೆರಡರ ಸಾಮಾನ್ಯ ತೋಟೆಯಲ್ಲಿ ಅದರ ಎರಡು ಪಟ್ಟು. ಚರೆ ಕಡಿಮೆಯಾದರೆ ಹರಡುವ ಬಲೆಯಲ್ಲಿ ತೂತು ಹೆಚ್ಚು. ಪ್ರಾಣಿ ಸಾಯುವುದಿಲ್ಲ, ಗಾಯಗೊಂಡು ಓಡುತ್ತದೆ. ಮಕ್ಕಳಿಗೆ, ಹೊಸಬರಿಗೆ ಎಂದು ಮಾರುವ 410 ನಿಜಕ್ಕೂ ಕೈ ಪಳಗಿದವರ ಕೋವಿ.

ತೋಟಕ್ಕೆ ಕೋವಿ ನೋಡುವ ಮೊದಲು ಕೋವಿಗೆ ತೋಟೆ ನೋಡಬೇಕು. ನಮ್ಮ ದೇಶದಲ್ಲಿ ತಯಾರಾಗುವ ಜೋಡುನಳಿಗೆ, ಅದು ಸರ್ಕಾರಿ ಕಾರ್ಖಾನೆಯದ್ದಿರಲಿ ಬಿಹಾರದ ಮುಂಗೇರ್‌ನದ್ದಿರಲಿ, ಮುಖ್ಯವಾಗಿ 12 ಬೋರ್. ತೋಟೆಯೂ ಹಾಗೆಯೇ. ಖಾಸಗಿಯವರು ವಿದೇಶಿ ಕೋವಿ ತರಿಸುವುದು 1980ರ ದಶಕದಲ್ಲಿಯೇ ನಿಂತಿದೆ. ಈಗ ಕೈಬದಲಾಗುವ ಇಪ್ಪತ್ತರ ಜೋಡುನಳಿಗೆ ಎಂದರೆ ಹೆಚ್ಚಾಗಿ ಯಾರದೋ ಅಜ್ಜನ ಇಂಗ್ಲಿಷ್ ಕೋವಿ. ಅದಕ್ಕೆ ತೋಟೆ ಹನ್ನೆರಡರದ್ದು ಸಿಕ್ಕಷ್ಟು ಸುಲಭಕ್ಕೆ ಸಿಗುವುದಿಲ್ಲ. ಅಂಥ ಹಳೆಯ ಕೋವಿಯಲ್ಲಿ ಇನ್ನೊಂದು ಮರೆಯ ಅಪಾಯವಿದೆ. ತೋಟೆ ಕೂರುವ ಗೂಡು ಎರಡೂವರೆ ಇಂಚಿನದ್ದಿರಬಹುದು, ಅಂದರೆ 65 ಮಿ.ಮೀ. ಈಗಿನ 70 ಮಿ.ಮೀ. ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಅದರ ಬಾಯಿ ಮಡಚಿರುತ್ತದೆ. ಈಡು ಬಿಟ್ಟಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯೊಳಗಿನ ಒತ್ತಡ ಏರುತ್ತದೆ. "ಹಿಡಿಸುತ್ತದೆ" ಎಂಬುದು "ಸರಿಯಾಗಿದೆ" ಎಂಬುದಕ್ಕೆ ಸಾಕ್ಷಿಯಲ್ಲ. ಗೂಡಿನ ಉದ್ದವನ್ನು ಕೋವಿ ರಿಪೇರಿ ಬಲ್ಲವರಿಂದ ಅಳೆಸಬೇಕು.

ಇಷ್ಟನ್ನೂ ಮಾವ ತಲೆಯಾಡಿಸುತ್ತಾ ಕೇಳಿದರು, ಮನಸ್ಸು ಬದಲಿಸಲಿಲ್ಲ. ಅವರನ್ನು ನಿಲ್ಲಿಸಿದ್ದು ಮುಂದಿನ ಮಾತು.

"ಮಾವ, ಅಜ್ಜನ ಹನ್ನೆರಡನ್ನು ಮಾರುತ್ತೀರಾ?"

"ಅದನ್ನು ಮಾರುವುದು ಹೇಗೆ? ಅದು ಇರುತ್ತದೆ. ಇದೂ ಇರುತ್ತದೆ."

ಕಾನೂನು ಅದನ್ನು ತಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡು ಕೋವಿಯವರೆಗೆ ಅವಕಾಶವಿದೆ. ತಡೆಯಬೇಕಾದದ್ದು ಬೇರೆ. ಇಪ್ಪತ್ತರ ತೋಟೆಯನ್ನು ಹನ್ನೆರಡರ ನಳಿಗೆಗೆ ಹಾಕಿದರೆ ಅದು ಹಿಂದೆ ನಿಲ್ಲದೆ ಒಳಗೆ ಜಾರಿ ಗೂಡಿನ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿ ಇದ್ದ ಹಾಗೆ ಕಾಣಬಹುದು. ತೋಟೆ ಹಾಕಲು ಮರೆತೆ ಎಂದುಕೊಂಡು ಹನ್ನೆರಡರ ತೋಟೆ ಹಾಕಿ ಕುದುರೆ ಎಳೆದರೆ ಮುಂದಿನ ತೋಟೆಯೂ ಸೇರಿ ನಳಿಗೆ ಸಿಡಿಯುತ್ತದೆ. ನಳಿಗೆಯ ಆ ಭಾಗವನ್ನು ಹಿಡಿದುಕೊಂಡಿರುವುದು ಎಡಗೈ. ಈ ಒಂದು ಅಪಾಯಕ್ಕಾಗಿಯೇ ಜಗತ್ತಿನ ಹೆಚ್ಚಿನ ತಯಾರಕರು 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುತ್ತಾರೆ.

ಹಳದಿ ಬಣ್ಣ ಹಗಲಿಗೆ ಸರಿ. ಮಾವನ ಮನೆಯಲ್ಲಿ ಕೋವಿ ಹೊರಬರುವುದು ರಾತ್ರಿ ಒಂದೂವರೆಗೆ, ನಾಯಿ ಬೊಗಳಿದಾಗ, ಮಳೆಯಲ್ಲಿ, ಒಂದು ಟಾರ್ಚಿನ ಬೆಳಕಿನಲ್ಲಿ. ಅಂಗಿಯ ಕಿಸೆಯಲ್ಲಿ ಕೈಹಾಕಿ ಸಿಕ್ಕಿದ ತೋಟೆ ತುಂಬುವ ಹೊತ್ತು ಅದು. ಮನೆಯಲ್ಲಿ ಒಂದೇ ಬೋರ್ ಇದ್ದರೆ ಒಂದೇ ತೋಟೆ, ತಪ್ಪಿಗೆ ಜಾಗವಿಲ್ಲ. ಎರಡು ಬೋರ್ ಬಂದ ದಿನವೇ ತಪ್ಪೂ ಮನೆಯೊಳಗೆ ಬಂದು ಕೂತ ಹಾಗೆ. ಇದನ್ನು ಹೇಳಿದಾಗ ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಬೇಡ ಎಂದರೆ ಬೇಡ. ಇದ್ದದ್ದು ಸಾಕು." ಚರ್ಚೆ ಅಲ್ಲಿಗೆ ಮುಗಿಯಿತು. ಅಜ್ಜನ ಕೋವಿಯ ಗೂಡು ಅಳೆಸಿ, ರಬ್ಬರ್ ಪ್ಯಾಡ್ ಹಾಕಿಸಿ, ಅದಕ್ಕೆ ಹೊಂದುವ ಕಡಿಮೆ ಚರೆಯ ತೋಟೆ ತರಿಸುವುದು ಎಂದಾಯಿತು.

ಉಳಿದದ್ದು ಕಾಗದ. ಬೆಳೆ ರಕ್ಷಣೆಗೆ ಎಂದು 1959ರ ಆಯುಧ ಕಾಯ್ದೆ ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಅನ್ನಿಸಿದರೆ ಮಾತ್ರ ಬೇರೆ ಕೋವಿ. ಹಾಗಾಗಿ ಲೈಸೆನ್ಸಿನಲ್ಲಿ ಯಾವ ಬಗೆಯ ಕೋವಿ, ಯಾವ ಬೋರ್, ಯಾವ ಉದ್ದೇಶ ಎಂದಿದೆ ಎನ್ನುವುದನ್ನು ಓದದೆ ಯಾರಿಗೂ ಮುಂಗಡ ಕೊಡಬೇಡಿ. ಲೈಸೆನ್ಸಿನ ಅವಧಿ ಈಗ ಐದು ವರ್ಷ. ಮಗನೋ ಆಳೋ ಕೋವಿ ಹಿಡಿಯುವುದಿದ್ದರೆ ಅವರ ಹೆಸರು ಲೈಸೆನ್ಸಿನಲ್ಲಿ ಇರಲೇಬೇಕು. ಲೈಸೆನ್ಸ್‌ದಾರರಿಗೆ ಎಪ್ಪತ್ತು ತುಂಬಿದರೆ, ಅಥವಾ ಕೋವಿ ಇಪ್ಪತ್ತೈದು ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲು 2016ರ ಆಯುಧ ನಿಯಮಗಳು ಅವಕಾಶ ಕೊಟ್ಟಿವೆ. ಅಜ್ಜ ತೀರಿಹೋದ ಮೇಲೆ ಕೋವಿ ಯಾರ ಹೆಸರಿನಲ್ಲಿ ಎಂದು ಓಡಾಡುವ ಬದಲು ಈಗಲೇ ಅರ್ಜಿ ಹಾಕುವುದು ಸುಲಭ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿಗೆ ರಸೀದಿ ಪಡೆಯುವುದನ್ನು ಮರೆಯಬೇಡಿ.

ಕಡೆಯದಾಗಿ ಸುದ್ದಿಯವರಾಗಿ ಒಂದು ಮಾತು. ಮಲೆನಾಡು, ಕರಾವಳಿಯಲ್ಲಿ ಈ ಕೆಲಸ ಮಾಡುವ ಹೆಚ್ಚಿನವರು ಒಮ್ಮೆಯಾದರೂ ಬರೆದ ವಾಕ್ಯ ಒಂದಿದೆ: 'ಕಾಡುಹಂದಿ ಎಂದು ಭಾವಿಸಿ ಹಾರಿಸಿದ ಗುಂಡು ತಗಲಿ'. ಮುಂದೆ ಹೆಸರು, ವಯಸ್ಸು, ಊರು ತುಂಬಿದರೆ ಸುದ್ದಿ ಸಿದ್ಧ. ಆ ಕೋವಿ ಹನ್ನೆರಡರದ್ದೋ ಇಪ್ಪತ್ತರದ್ದೋ ಎಂದು ಡೆಸ್ಕಿನವರು ಕೇಳುವುದಿಲ್ಲ. ಕತ್ತಲಲ್ಲಿ ಅಲುಗಿದ್ದು ಹಂದಿಯೋ ಮನುಷ್ಯನೋ ಎಂದು ಖಚಿತವಾಗುವವರೆಗೆ ಬೆರಳನ್ನು ಕುದುರೆಯಿಂದ ಹೊರಗಿಡುವವರ ಕೈಯಲ್ಲಿ ಯಾವ ಬೋರ್ ಇದ್ದರೂ ನಡೆಯುತ್ತದೆ.