ಪ್ರೇಮಕಥೆಗಳ ತವರು

ಪ್ರೇಮಕಾದಂಬರಿ ಬರೆದವರನ್ನು ಓದುಗರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದು ನಿಮ್ಮದೇ ಕಥೆಯೇ?" ಪತ್ತೇದಾರಿ ಕಾದಂಬರಿ ಬರೆದವರನ್ನು "ನೀವು ಎಷ್ಟು ಕೊಲೆ ಮಾಡಿದ್ದೀರಿ?" ಎಂದು ಯಾರೂ ಕೇಳುವುದಿಲ್ಲ. ಬರೆದವರು ಹೆಂಗಸಾದರಂತೂ ಪ್ರಶ್ನೆ ಕೇಳುವ ಶ್ರಮವನ್ನೂ ತೆಗೆದುಕೊಳ್ಳದೆ ಜನ ಉತ್ತರವನ್ನು ತಾವೇ ತೀರ್ಮಾನಿಸಿಬಿಡುತ್ತಾರೆ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿದ ನನಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಎದುರಾಗುತ್ತಿತ್ತು. ಶಾಲೆಯ ಗ್ರಂಥಾಲಯದಲ್ಲಿ ‘ಜೇನ್ ಐರ್’ ಕಾದಂಬರಿಯ ಸಂಕ್ಷಿಪ್ತ ಪ್ರತಿಯೊಂದಿತ್ತು. ರಟ್ಟು ಕಿತ್ತುಹೋಗಿದ್ದ ಆ ಪುಸ್ತಕವನ್ನು ಹಿಂದಿರುಗಿಸಲು ಬಂದ ಹುಡುಗಿ ಹೊರಡುವ ಮುನ್ನ ತಡೆದು ನಿಂತು, "ಟೀಚರ್, ಬರೆದವರಿಗೂ ಹೀಗೇ ಆಗಿತ್ತಾ?" ಎನ್ನುತ್ತಿದ್ದಳು. ಇಲ್ಲವೆಂದರೆ ಮುಖ ಸಣ್ಣದಾಗುತ್ತಿತ್ತು, ಹೌದೆನ್ನುವಂತೆಯೂ ಇರಲಿಲ್ಲ.

ಕಥೆ ಮರೆತವರಿಗಾಗಿ ಎರಡು ಮಾತು. ಜೇನ್ ಅನಾಥೆ, ಶ್ರೀಮಂತ ರಾಚೆಸ್ಟರನ ಮನೆಯಲ್ಲಿದ್ದು ಮಗುವಿಗೆ ಪಾಠ ಹೇಳುವ ಗವರ್ನೆಸ್. ಇಬ್ಬರಲ್ಲಿ ಪ್ರೇಮ ಮೂಡಿ, ಮದುವೆಗೆಂದು ಚರ್ಚಿನಲ್ಲಿ ನಿಂತಾಗ, ಆತನಿಗೆ ಆಗಲೇ ಹೆಂಡತಿಯಿರುವುದೂ ಬುದ್ಧಿಭ್ರಮಣೆಯಾದ ಆಕೆಯನ್ನು ಮನೆಯ ಅಟ್ಟದಲ್ಲಿ ಬಚ್ಚಿಟ್ಟಿರುವುದೂ ಬಯಲಾಗುತ್ತದೆ. ಜೇನ್ ಹೊರಟುಹೋಗುತ್ತಾಳೆ. ಮುಂದೆ ಆ ಮನೆ ಬೆಂಕಿಗೆ ಆಹುತಿಯಾಗಿ, ಹೆಂಡತಿ ಸತ್ತು, ರಾಚೆಸ್ಟರ್ ಕಣ್ಣು ಕಳೆದುಕೊಂಡ ಮೇಲೆ ಅವನ ಬಳಿಗೆ ಮರಳುತ್ತಾಳೆ. 1847ರಲ್ಲಿ ಪ್ರಕಟವಾದಾಗ ಪುಸ್ತಕದ ಮೇಲಿದ್ದುದು ‘ಕರರ್ ಬೆಲ್’ ಎಂಬ ಹೆಸರು; ಗಂಡೋ ಹೆಣ್ಣೋ ಎಂದು ತಿಳಿಯದಂತಹ ಹೆಸರು. ಮರುವರ್ಷ ಹೊರಬಂದ ಎರಡನೆಯ ಮುದ್ರಣವನ್ನು ಷಾರ್ಲೆಟ್ ಬ್ರಾಂಟೆ ತಾನು ಬಹುವಾಗಿ ಮೆಚ್ಚಿದ್ದ ಕಾದಂಬರಿಕಾರ ಥ್ಯಾಕರೆಗೆ ಅರ್ಪಿಸಿದಳು. ಥ್ಯಾಕರೆಯ ಹೆಂಡತಿಗೂ ಬುದ್ಧಿಭ್ರಮಣೆಯಾಗಿತ್ತೆಂಬ ಸಂಗತಿ ಯಾರ್ಕ್‌ಷೈರಿನ ಹಾವರ್ತ್ ಹಳ್ಳಿಯಲ್ಲಿದ್ದ ಆಕೆಗೆ ತಿಳಿದಿರಲಿಲ್ಲ. ಲಂಡನ್ನಿನವರಿಗೆ ಅಷ್ಟು ಸಾಕಾಯಿತು. ಕರರ್ ಬೆಲ್ ಎಂದರೆ ಥ್ಯಾಕರೆಯ ಮನೆಯಲ್ಲಿದ್ದ ಗವರ್ನೆಸ್ಸೇ ಇರಬೇಕು, ಇದು ಅವರಿಬ್ಬರ ಕಥೆಯೇ ಇರಬೇಕು ಎಂದು ಗುಸುಗುಸು ಹಬ್ಬಿತು. ಆಗಿನ್ನೂ ಆಕೆ ಥ್ಯಾಕರೆಯ ಮುಖವನ್ನೇ ಕಂಡಿರಲಿಲ್ಲ!

ಊರ ಬಾಯಿಗೆ ಲಂಡನ್ನಾದರೇನು, ಮಲೆನಾಡಿನ ಸಣ್ಣ ಪೇಟೆಯಾದರೇನು? 1970ರ ದಶಕದ ಕೊನೆಯಲ್ಲಿ ನಾನು ನೌಕರಿಗೆ ಸೇರಿದ ಶಾಲೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಹಿರಿಯ ಶಿಕ್ಷಕಿಯೊಬ್ಬರಿದ್ದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ತಮ್ಮ ತಂಗಿಯರನ್ನು ಓದಿಸುತ್ತ ತಾವು ಮದುವೆಯಾಗದೆ ಉಳಿದವರು. ತ್ರಿವೇಣಿಯವರ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. "ಮನಃಶಾಸ್ತ್ರ ಓದಿದವರು ಕಣೇ, ಅದಕ್ಕೇ ಮನಸ್ಸಿನ ಒಳಮನೆಗೂ ಹೋಗಿಬಂದರು" ಎನ್ನುತ್ತಿದ್ದರು. ಒಮ್ಮೆ ಅಕ್ಕನ ನೀಳ್ಗತೆಯೊಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು. ಜೇಬಿಗೆ ಸದಾ ಮಸಿ ಹತ್ತಿಸಿಕೊಂಡಿರುವ ಯುವಕನೊಬ್ಬ, ಸಂಜೆಯ ಬಸ್ಸಿಗಾಗಿ ಕಾಯುವ ಹೆಣ್ಣೊಬ್ಬಳು, ಅಷ್ಟೇ ಕಥೆ. ಕೈ ಕೈ ತಾಗುವುದೂ ಇಲ್ಲ.

ವಾರ ಕಳೆಯುವಷ್ಟರಲ್ಲಿ ಆ ಯುವಕ ಯಾರೆಂದು ಪೇಟೆ ನಿರ್ಧರಿಸಿಬಿಟ್ಟಿತು. ಶಾಲೆಯ ಎದುರಿನ ಕಚೇರಿಯೊಂದರ ಗುಮಾಸ್ತ, ಹೆಂಡತಿ ಮಕ್ಕಳಿದ್ದ ಸಾಧು ಮನುಷ್ಯ, ಫೌಂಟನ್ ಪೆನ್ನಿಟ್ಟುಕೊಳ್ಳುತ್ತಿದ್ದುದೇ ಅವನ ಅಪರಾಧವಾಯಿತು. ಅವನ ಹೆಂಡತಿ ಅಕ್ಕನ ಮನೆಯ ಮುಂದೆ ನಿಂತು ಅತ್ತಳು. ಮುಖ್ಯೋಪಾಧ್ಯಾಯರು ಅಕ್ಕನನ್ನು ಕರೆಸಿ, ಹೆಣ್ಣುಮಕ್ಕಳು ಓದುವ ಶಾಲೆ, ಸ್ವಲ್ಪ ನೋಡಿಕೊಂಡು ಬರೆಯಿರಿ ಎಂದರು. ಅಕ್ಕ ನೋಡಿಕೊಂಡು ಬರೆಯಲಿಲ್ಲ, ಬರೆಯುವುದನ್ನೇ ನಿಲ್ಲಿಸಿದರು.

ನಿವೃತ್ತಿಯ ಹಿಂದಿನ ವರ್ಷ, ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ, ನಾನು ಕೇಳದೆಯೇ ಅವರು ಹೇಳಿದರು: "ಮಸಿ ಹತ್ತಿದ ಆ ಜೇಬು ನಮ್ಮಣ್ಣನದು ಕಣೇ. ಇಪ್ಪತ್ತೆರಡಕ್ಕೇ ಹೋಗಿಬಿಟ್ಟ. ಬಸ್ಸಿಗೆ ಕಾಯುತ್ತಿದ್ದವಳು ನಮ್ಮಮ್ಮ. ಅಪ್ಪ ಮುಂಬಯಿಗೆ ಹೋದವರು ಬರುತ್ತಾರೆಂದು ಎಷ್ಟೋ ವರ್ಷ ಕಾದಳು. ಪ್ರೀತಿ ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡ." ನಾನು ಕೇಳಲಿಲ್ಲ.

ಇಂತಹ ‘ಅಣ್ಣನ ಜೇಬು’ಗಳು ‘ಜೇನ್ ಐರ್’ ಕಾದಂಬರಿಯಲ್ಲಿಯೂ ಸಿಗುತ್ತವೆ. 1846ರ ಆಗಸ್ಟಿನಲ್ಲಿ ಷಾರ್ಲೆಟ್, ಕಣ್ಣಿಗೆ ಪೊರೆ ಬೆಳೆದು ಕುರುಡಾಗುತ್ತಿದ್ದ ತಂದೆ ಪ್ಯಾಟ್ರಿಕ್ ಬ್ರಾಂಟೆಯನ್ನು ಶಸ್ತ್ರಚಿಕಿತ್ಸೆಗಾಗಿ ಮ್ಯಾಂಚೆಸ್ಟರಿಗೆ ಕರೆದೊಯ್ದಳು. ಅರಿವಳಿಕೆ ಬಳಕೆಗೆ ಬಂದಿರದ ಕಾಲ. ತಂದೆಯ ಇಚ್ಛೆಯಂತೆ ಮಗಳೂ ಆ ಕೋಣೆಯಲ್ಲಿಯೇ ಇದ್ದಳು. ಆಮೇಲೆ ದಿನಗಟ್ಟಲೆ ರೋಗಿಗೆ ಕಣ್ಣಿಗೆ ಪಟ್ಟಿ, ಕತ್ತಲೆ, ಅಲುಗಾಡದ ಮಲಗು. ಮಗಳಿಗೆ ಹಲ್ಲುನೋವು; ಮೊದಲ ಕಾದಂಬರಿಯ ಹಸ್ತಪ್ರತಿಯೂ ಪ್ರಕಾಶಕರಿಂದ ತಿರಸ್ಕೃತವಾಗಿ ಮರಳಿತ್ತು. ಆ ಬಾಡಿಗೆ ಕೋಣೆಗಳಲ್ಲಿ ಆಕೆ ‘ಜೇನ್ ಐರ್’ ಬರೆಯಲು ಆರಂಭಿಸಿದಳು. ತಂದೆಗೆ ದೃಷ್ಟಿ ಮರಳಿತು. ಕಾದಂಬರಿಯ ಕೊನೆಯಲ್ಲಿ ರಾಚೆಸ್ಟರನಿಗೂ ಒಂದು ಕಣ್ಣು ಕಾಣತೊಡಗುತ್ತದೆ. ಕುರುಡನಾದ ಪ್ರಿಯನ ಕೈಹಿಡಿದು ನಡೆಸುವ ಆ ಪುಟಗಳು ಲೋಕದ ಪ್ರೇಮಕಥೆಗಳಲ್ಲೆಲ್ಲ ಹೆಸರಾದವು. ಅವುಗಳನ್ನು ಬರೆದ ಕೈ ಹಿಡಿದಿದ್ದುದು ಅರುವತ್ತೊಂಬತ್ತರ ಮುದುಕನ ಕೈಯನ್ನು ಎಂಬುದು ನನ್ನ ಎಣಿಕೆ.

ಅಟ್ಟದ ಹುಚ್ಚಿಯ ಮೂಲವನ್ನೂ ವಿದ್ವಾಂಸರು ಹುಡುಕದೆ ಬಿಟ್ಟಿಲ್ಲ. ಗವರ್ನೆಸ್ ಒಬ್ಬಳು ಮದುವೆಯಾದ ಮೇಲೆ ಗಂಡನಿಗೆ ಮೊದಲೇ ಹುಚ್ಚು ಹಿಡಿದ ಹೆಂಡತಿಯಿದ್ದುದು ಬಯಲಾದ ಲೀಡ್ಸ್ ಕಡೆಯ ಸುದ್ದಿಯನ್ನು, ಷಾರ್ಲೆಟ್ಟಳ ಜೀವನಚರಿತ್ರೆ ಬರೆದ ಎಲಿಜಬೆತ್ ಗ್ಯಾಸ್ಕೆಲ್ ದಾಖಲಿಸಿದ್ದಾರೆ. ರಿಪನ್ ಪಟ್ಟಣದ ಸಮೀಪದ ನಾರ್ಟನ್ ಕಾನ್ಯರ್ಸ್ ಎಂಬ ಹಳೆಯ ಮನೆಗೆ ಷಾರ್ಲೆಟ್ 1839ರಲ್ಲಿ ಹೋಗಿದ್ದಳೆಂದು ನಂಬುತ್ತಾರೆ. ಅಲ್ಲಿಯೂ ಅಟ್ಟದಲ್ಲಿ ಕೂಡಿಹಾಕಿದ್ದ ಹೆಂಗಸಿನ ಐತಿಹ್ಯವಿತ್ತು. 2004ರಲ್ಲಿ ಆ ಅಟ್ಟಕ್ಕೆ ಹೋಗುವ, ಮುಚ್ಚಿಹೋಗಿದ್ದ ಮೆಟ್ಟಿಲೊಂದು ಪತ್ತೆಯಾದಾಗ ಓದುಗರಿಗೆ ಹಬ್ಬವಾಯಿತು. ಇರಲಿ.

ಆದರೆ ಅಕ್ಕ ಕೇಳಬೇಡ ಎಂದರಲ್ಲ, ಆ ಪ್ರೀತಿ? ಷಾರ್ಲೆಟ್ಟಳ ಮಟ್ಟಿಗೆ ಅದಕ್ಕೊಂದು ವಿಳಾಸ ಸಿಕ್ಕಿದೆ. 1842ರಲ್ಲಿ ಆಕೆ ತಂಗಿ ಎಮಿಲಿಯೊಡನೆ ಫ್ರೆಂಚ್ ಕಲಿಯಲು ಬ್ರಸೆಲ್ಸ್ ನಗರದ ಒಂದು ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಶಾಲೆ ನಡೆಸುತ್ತಿದ್ದಾಕೆಯ ಗಂಡ ಕಾನ್‌ಸ್ಟಾಂಟಿನ್ ಹೇಗರ್, ಮೂಗಿನ ತುದಿಯಲ್ಲಿ ಕೋಪವಿದ್ದ ಅಪ್ರತಿಮ ಅಧ್ಯಾಪಕ. ಪ್ರಬಂಧಗಳನ್ನು ಸಾಲುಸಾಲಾಗಿ ತಿದ್ದಿ, ಬರೆಯುವುದೆಂದರೇನೆಂದು ಆಕೆಗೆ ಕಲಿಸಿದವರು. ಅಂತಹ ಗುರುವಿನಲ್ಲಿ ಮನಸ್ಸು ನೆಟ್ಟದ್ದು ನನಗೇನೂ ಸೋಜಿಗವೆನಿಸುವುದಿಲ್ಲ. 1844ರ ಜನವರಿಯಲ್ಲಿ ಊರಿಗೆ ಮರಳಿದ ಮೇಲೆ ಆಕೆ ಪತ್ರ ಬರೆದಳು, ಉತ್ತರಕ್ಕಾಗಿ ಕಾದಳು, ಮತ್ತೆ ಬರೆದಳು. ಉತ್ತರಗಳು ವಿರಳವಾಗಿ, ಕೊನೆಗೆ ನಿಂತೇಹೋದವು. ಆಕೆಯ ನಾಲ್ಕು ಪತ್ರಗಳಷ್ಟೇ ಉಳಿದಿವೆ. ಅವುಗಳಲ್ಲಿ ಮೂರು ಹರಿದು ಚೂರಾಗಿದ್ದಂಥವು. ಗಂಡ ಹರಿದೆಸೆದ ಚೂರುಗಳನ್ನು ಹೆಂಡತಿ ಆಯ್ದು, ಕಾಗದದ ಪಟ್ಟಿ ಅಂಟಿಸಿ, ದಾರದಿಂದ ಹೊಲಿದು ಜೋಡಿಸಿಟ್ಟಳೆಂದು ಆ ಮನೆಯವರೇ ಹೇಳಿದ್ದಾರೆ. ಉಳಿದ ಇಡೀ ಪತ್ರದ ಅಂಚಿನಲ್ಲಿ ಚಮ್ಮಾರನೊಬ್ಬನ ವಿಳಾಸವನ್ನು ಪೆನ್ಸಿಲಿನಲ್ಲಿ ಗೀಚಲಾಗಿದೆ. ಒಬ್ಬಳ ಎದೆಯ ಅಳಲು ಇನ್ನೊಬ್ಬರ ಮೇಜಿನ ಮೇಲೆ ಗೀಚುಕಾಗದ!

ಗ್ಯಾಸ್ಕೆಲ್ ಈ ಪತ್ರಗಳ ವಿಷಯ ತಿಳಿದೂ 1857ರ ಜೀವನಚರಿತ್ರೆಯಲ್ಲಿ ಅವುಗಳ ತಾಪವನ್ನು ಮರೆಮಾಡಿದರು. ಅದನ್ನು ಕೆಲವರು ಅಪ್ರಾಮಾಣಿಕತೆ ಎನ್ನುತ್ತಾರೆ. ನಮ್ಮ ಪೇಟೆಯನ್ನು ಕಂಡ ನಾನು ಹಾಗೆನ್ನಲಾರೆ. ಹೇಗರ್ ಮಕ್ಕಳು 1913ರಲ್ಲಿ ಅವುಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟರು. ‘ಟೈಮ್ಸ್’ ಪತ್ರಿಕೆ ಅಚ್ಚುಹಾಕಿತು. ಬರೆದವಳು ಸತ್ತು ಆಗ ಐವತ್ತೆಂಟು ವರ್ಷವಾಗಿತ್ತು.

ಪತ್ರಗಳಿಗೆ ಉತ್ತರ ಬರದಿದ್ದರೂ ಆ ಗುರು ಕಾದಂಬರಿಯೊಳಕ್ಕೆ ಬಂದ. 1853ರ ‘ವಿಲೆಟ್’ ಕಾದಂಬರಿಯ ಪಾಲ್ ಎಮ್ಯಾನುಯೆಲ್ ಕುಳ್ಳ, ಕಪ್ಪುಗೂದಲಿನ ಮುಂಗೋಪಿ ಅಧ್ಯಾಪಕ. ನಾಯಕಿ ಲೂಸಿಗೆ ಅವನು ಸಣ್ಣದೊಂದು ಶಾಲೆ ಮಾಡಿಕೊಟ್ಟು ದೂರದ ದ್ವೀಪಕ್ಕೆ ಹೊರಡುತ್ತಾನೆ. ಅಲ್ಲಿಂದ ಆಕೆಗೆ ತಪ್ಪದೆ ಪತ್ರ ಬರೆಯುತ್ತಾನೆ. ಉದ್ದುದ್ದ, ತುಂಬುಮನಸ್ಸಿನ ಪತ್ರಗಳು. ಬ್ರಸೆಲ್ಸಿನಿಂದ ಬಾರದಿದ್ದುದನ್ನೆಲ್ಲ ಷಾರ್ಲೆಟ್ ಇಲ್ಲಿ ಲೂಸಿಯ ಹೆಸರಿಗೆ ಬರೆಸಿದಳೆಂದು ಓದುವಾಗ ನನಗೆ ಗಂಟಲು ಕಟ್ಟುತ್ತದೆ. ಆದರೂ ಆಕೆ ಅವನನ್ನು ದಡಕ್ಕೆ ತರಲಿಲ್ಲ. ಅವನು ಮರಳುವ ಹೊತ್ತಿಗೆ ಕಡಲಿನಲ್ಲಿ ಬಿರುಗಾಳಿ. ದುಃಖದ ಕೊನೆಯೆಂದರೆ ಆಗದಿದ್ದ ವೃದ್ಧ ತಂದೆ, ಇಬ್ಬರೂ ಸುಖವಾಗಿರುವಂತೆ ಮುಗಿಸು ಎಂದು ಕೇಳಿದರಂತೆ. ಮಗಳಿಂದ ಆದದ್ದು ಇಷ್ಟೇ: ಹಡಗು ಮುಳುಗಿತೆಂದು ನೇರವಾಗಿ ಬರೆಯದೆ, ಬೇಕಾದವರು ಸುಖಾಂತವನ್ನು ಕಲ್ಪಿಸಿಕೊಳ್ಳಲಿ ಎಂದು ಎಡೆ ಬಿಟ್ಟಳು. ನನ್ನ ವಿದ್ಯಾರ್ಥಿನಿಯರಿಗೆ ಈ ಕಥೆ ಹೇಳಿದಾಗಲೆಲ್ಲ ಅರ್ಧ ತರಗತಿ ಹಡಗನ್ನು ದಡ ಸೇರಿಸಿಬಿಡುತ್ತಿತ್ತು. ನಾನು ಅವರನ್ನು ತಿದ್ದಲು ಹೋಗುತ್ತಿರಲಿಲ್ಲ.